ಆಗುವ ಮೊದಲೇ ಹೇಳಿದ ಸಾಕ್ಷಿ

ಹೆರುವುದನ್ನು ಯಾರೂ ಕಲಿಸಬೇಕಾಗಿಲ್ಲ, ಮೈಯನ್ನು ಮಾಡಿದವನೇ ಅದಕ್ಕೆ ಎಲ್ಲ ಹೇಳಿ ಕಳಿಸಿದ್ದಾನೆ ಎಂದು ಸೊಸೆ ಹೇಳಿದಾಗ ಅತ್ತೆ ಬಟಾಣಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೇಳಿ ಕಳಿಸಿದ್ದು ಗುಬ್ಬಿ ಹುಟ್ಟೋವಾಗ ಯಾಕೆ ಮರೆತುಹೋಯ್ತಂತೆ?"

"ಆವಾಗ ಯಾರೂ ಕಾಯ್ಲಿಲ್ಲ ಅತ್ತೆ. ನೋವು ಬಂದು ಹನ್ನೆರಡು ಗಂಟೆ ಆಗಿದ್ದೇ ತಡ, ಕೊಯ್ದುಬಿಟ್ರು."

"ಕೊಯ್ದಿದ್ದಕ್ಕೇ ಅವಳು ಇವತ್ತು ನನ್ನ ಬಟಾಣಿ ಕದ್ದು ತಿಂತಿರೋದು."

ಮೇಜಿನ ಕೆಳಗಿನಿಂದ ಒಂದು ಪುಟ್ಟ ಕೈ ಹೊರಬಂದು ತಟ್ಟೆಯ ಅಂಚಿನಲ್ಲಿ ಹರಿದಾಡಿ ಒಳಗೆ ಹೋಯಿತು. ಗುಬ್ಬಿಗೆ ಐದು ವರ್ಷ. ಮೇಜಿನ ಕೆಳಗೆ ಅವಳದೇ ಒಂದು ರಾಜ್ಯವಿತ್ತು. ಅಲ್ಲಿ ಬಟ್ಟೆ ಚೂರುಗಳ ಪ್ರಜೆಗಳು, ದಾರ ಮುಗಿದ ರೀಲುಗಳ ಕುದುರೆಗಳು.

ಬಣ್ಣದ ಅಂಗಡಿಯ ಮಾಳಿಗೆಯ ಮೇಲೆ ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹಗಲೆಲ್ಲ ಸೊಸೆಯ ಹೊಲಿಗೆ ಯಂತ್ರ ಓಡುತ್ತಿತ್ತು. ಶಾಲೆಯ ಲಂಗ, ಉದ್ದ ಕಡಿಮೆ ಮಾಡುವ ಪ್ಯಾಂಟು, ಬಿಗಿಯಾದ ರವಿಕೆ. ಕತ್ತಲಾದರೆ ಯಂತ್ರ ಗೋಡೆಗೆ ಸರಿದು ಹಾಸಿಗೆ ಬಿಚ್ಚಿಕೊಳ್ಳುತ್ತಿತ್ತು. ಮಗ ಕಿಟಕಿಯ ಕಂಬಿ ಬೆಸೆಯುವವನು. ಅವನ ಅಂಗಿಗಳಿಗೆಲ್ಲ ಕಿಡಿ ಬಿದ್ದು ಸಾಸಿವೆಯಷ್ಟು ತೂತು. ಅತ್ತೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಳು. ಅಲ್ಲಿಯ ಯಂತ್ರಗಳಿಗೆ ದುಂಡು ಬಾಯಿ. ಬಿಳಿ ಚಾದರ ತಿಂದು ಹೊಟ್ಟೆ ತಿರುಗಿ ಉಗುಳುವ ರಾಕ್ಷಸರು ಎಂದು ಅವಳು ಗುಬ್ಬಿಗೆ ಕಥೆ ಹೇಳುತ್ತಿದ್ದಳು. ರಾಕ್ಷಸರು ಚಾದರದ ಮೇಲಿದ್ದ ಕೆಂಪನ್ನೂ ತಿನ್ನುತ್ತಾರೆ ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಜಗಳ ಶುರುವಾದದ್ದು ಏಳನೇ ತಿಂಗಳಲ್ಲಿ, ಒಂದು ಭಾನುವಾರ.

ಕುರ್ಚಿ ಮಂಚ ಮಾರುವ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಅವರ ಸಭೆ ಸೇರುತ್ತಿತ್ತು. ಅರವತ್ತು ಎಪ್ಪತ್ತು ಜನ. ವಾರದ ದಿನಗಳಲ್ಲಿ ಶಾಲೆಯ ವ್ಯಾನು ಓಡಿಸುವವರೇ ಭಾನುವಾರ ಪಾಸ್ಟರ್. ಪ್ರಸಂಗ ಮುಗಿದ ಮೇಲೆ ಸಾಕ್ಷಿ ಹೇಳುವ ಹೊತ್ತು. ಒಬ್ಬೊಬ್ಬರೇ ಎದ್ದು ನಿಂತು ಆ ವಾರ ದೇವರು ತಮಗೆ ಮಾಡಿದ್ದನ್ನು ಹೇಳುವರು: ಜ್ವರ ಬಿಟ್ಟಿತು, ಕೆಲಸ ಸಿಕ್ಕಿತು, ಮುನಿಸಿಕೊಂಡು ಹೋಗಿದ್ದ ಅಳಿಯ ವಾಪಸ್ ಬಂದ. ಆ ದಿನ ಸೊಸೆ ಎದ್ದು ನಿಂತಳು. ಒಂದು ಕೈ ಹೊಟ್ಟೆಯ ಮೇಲೆ.

"ಹೋದ ಸಲ ನನ್ನ ಮೈ ಮೇಲೆ ನಂಬಿಕೆ ಇಡದೆ ಸೋತೆ. ಈ ಸಲ ಕತ್ತಿ ಮುಟ್ಟಿಸದೆ ಹೆರ್ತೀನಿ ಅಂತ ಕರ್ತನು ನನಗೆ ಮಾತು ಕೊಟ್ಟಿದ್ದಾನೆ. ನಾನು ಹೆತ್ತಾಯ್ತು ಅಂತಲೇ ಸ್ತೋತ್ರ ಮಾಡ್ತೀನಿ."

ಹಾಡು ನಡೆಸಿಕೊಡುವ ಹಿರಿಯಳು, ಎಲ್ಲರೂ ಹಾಡಿನಕ್ಕ ಅನ್ನುತ್ತಿದ್ದವಳು, ಮೆಲ್ಲಗೆ ಹೇಳಿದಳು: "ಸಾಕ್ಷಿ ಅನ್ನೋದು ಆದ ಮೇಲೆ ಹೇಳೋದಮ್ಮ."

"ನಂಬಿದವರಿಗೆ ಆಗೋದೂ ಆದ ಹಾಗೇ ಅಕ್ಕ."

ಜನ ಚಪ್ಪಾಳೆ ತಟ್ಟಿದರು. ಆ ವಾರದಿಂದ ಹೆಂಗಸರು ಅವಳನ್ನು ನೋಡುವ ರೀತಿಯೇ ಬದಲಾಯಿತು. ಮದುವೆಯಾಗಿ ಒಂಬತ್ತು ವರ್ಷವಾದರೂ ಬಸಿರಾಗದ ಒಬ್ಬಾಕೆ ಅವಳ ಹೊಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮನೆಗೆ ಬಂದ ಮೇಲೆ ಅತ್ತೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಊರಿಗೆಲ್ಲ ಡಂಗುರ ಹೊಡೆದು ಬಂದ್ಯಲ್ಲ. ಈಗ ಡಾಕ್ಟರು ಬೇರೆ ಹೇಳಿದ್ರೆ ಮುಖ ಎಲ್ಲಿ ಇಟ್ಕೊಳ್ತೀಯ?"

"ಡಾಕ್ಟರೇ ಹೇಳಿದ್ದಾರೆ, ಆಸ್ಪತ್ರೆಯಲ್ಲೇ ಪ್ರಯತ್ನ ಮಾಡೋಣ ಅಂತ."

"ಪ್ರಯತ್ನ ಅಂದ್ರು. ಮಾತು ಕೊಟ್ರಾ?"

"ಅಮ್ಮ, ಊಟಕ್ಕೆ ಕೂತ್ಕೊಳ್ಳೋಣ್ವಾ?" ಎಂದ ಮಗ. ಇಬ್ಬರು ಹೆಂಗಸರ ನಡುವೆ ಮಾತು ಬಿಸಿಯಾದರೆ ಅವನಿಗೆ ಹಸಿವಾಗುತ್ತಿತ್ತು.

"ನೀನೊಬ್ಬ. ಕಬ್ಬಿಣ ಬೆಸೀತೀಯ, ಮನೇಲಿ ಒಂದು ಮಾತು ಬೆಸೆಯೋಕೆ ಬರಲ್ಲ."

ಒಂಬತ್ತನೇ ತಿಂಗಳು ಹತ್ತಿದ ಮೇಲೆ ಸೊಸೆ ಒಬ್ಬಳೇ ದೊಡ್ಡಾಸ್ಪತ್ರೆಗೆ ಪರೀಕ್ಷೆಗೆ ಹೋದಳು. ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹಳೇ ಹೊಲಿಗೆ ಇರೋ ಜಾಗ ತುಂಬಾ ತೆಳ್ಳಗಾಗಿದೆ. ಈಗ ಪ್ರಯತ್ನ ಗಿಯತ್ನ ಬೇಡಮ್ಮ. ಮಂಗಳವಾರ ಆಪರೇಷನ್‌ಗೆ ಹೆಸರು ಬರೀತೀನಿ. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೇಲಿ ಬಂದುಬಿಡಿ. ಆಯ್ತಾ?"

"ಹೂಂ," ಎಂದಳು ಸೊಸೆ. ಹೊರಗೆ ಇನ್ನೂ ಇಪ್ಪತ್ತು ಜನ ಬಸುರಿಯರು ಬೆಂಚಿನ ಮೇಲಿದ್ದರು. ವಾದ ಮಾಡಲು ಅದು ಜಾಗವಲ್ಲ. ಆ ಒಂದು ಹೂಂ ಅವಳ ಹೆಸರನ್ನು ಪಟ್ಟಿಗೆ ಸೇರಿಸಿತು.

ಮನೆಯಲ್ಲಿ ಅತ್ತೆ ಕೇಳಿದಳು, "ಏನಂದ್ರು?"

"ಮಗು ಚೆನ್ನಾಗಿದೆ ಅಂದ್ರು."

ಅದು ಸುಳ್ಳಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಪ್ರತಿ ಶುಕ್ರವಾರ ಮುಂದಿನ ವಾರದ ಆಪರೇಷನ್ ಪಟ್ಟಿ ಒಗೆಯುವ ವಿಭಾಗಕ್ಕೂ ಬರುತ್ತಿತ್ತು. ಒಂದೊಂದು ಹೆಸರಿಗೆ ಒಂದೊಂದು ಗಂಟು ಕಟ್ಟಬೇಕು: ಹಸಿರು ಚಾದರ, ನಿಲುವಂಗಿ, ಹೆರಿಗೆಯಾದರೆ ಮಗುವಿಗೆ ಎರಡು ಮೆತ್ತನೆ ಬಟ್ಟೆ. ಕಟ್ಟಿದ ಗಂಟು ಹಬೆಯಲ್ಲಿ ಬೆಂದು ಥಿಯೇಟರಿಗೆ ಹೋಗುವುದು. ಅತ್ತೆ ಬೆರಳಿಟ್ಟು ಪಟ್ಟಿ ಓದುತ್ತಾ ಬಂದಳು. ಮಂಗಳವಾರ, ನಾಲ್ಕನೇ ನಂಬರು. ಬೆರಳು ಅಲ್ಲೇ ನಿಂತಿತು. ಸೊಸೆಯ ಹೆಸರು, ವಯಸ್ಸು, ಪಕ್ಕದಲ್ಲಿ ಮನೆಯ ವಿಳಾಸ.

"ಏನಕ್ಕಾ, ಒಬ್ಬಳೇ ನಗ್ತಿದ್ದೀಯ?" ಎಂದಳು ಇಸ್ತ್ರಿ ಮೇಜಿನವಳು.

"ಏನಿಲ್ಲ ಬಿಡು. ಬುದ್ಧಿ ಬಂದಿದೆ ಒಬ್ಬಳಿಗೆ."

ಆ ಗಂಟಿಗೆ ಅವಳು ತೇಪೆಯಿಲ್ಲದ ಚಾದರಗಳನ್ನೇ ಆರಿಸಿದಳು. ಮಗುವಿನ ಬಟ್ಟೆಗಳನ್ನು ಕೆನ್ನೆಗೆ ಒತ್ತಿ ನೋಡಿ, ಒರಟಾಗಿದ್ದ ಮೂರನ್ನು ಬದಿಗಿಟ್ಟು, ನಾಲ್ಕನೆಯದನ್ನು ತೆಗೆದುಕೊಂಡಳು. ಮನೆಯಲ್ಲಿ ಏನೂ ಕೇಳಲಿಲ್ಲ. ಅಷ್ಟು ಜನರ ಮುಂದೆ ಹೇಳಿದ ಮಾತು, ಹುಡುಗಿಗೆ ನಾಚಿಕೆ. ತಾನಾಗಿಯೇ ಸದ್ದಿಲ್ಲದೆ ನುಂಗಿಕೊಳ್ಳಲಿ ಎಂದುಕೊಂಡಳು. ಪಟ್ಟಿಯಲ್ಲಿ ಬಂದ ಮೇಲೆ ಮುಗಿಯಿತು. ಇಪ್ಪತ್ತೆರಡು ವರ್ಷದಲ್ಲಿ ಪಟ್ಟಿಯಲ್ಲಿ ಬಂದ ಹೆಸರುಗಳೆಲ್ಲ ಮಾರನೆ ದಿನ ಒಗೆಯುವ ಬಟ್ಟೆಯಾಗಿ ಅವಳ ಕೈಗೆ ಬಂದೇ ಇದ್ದವು.

ಶನಿವಾರ, ಭಾನುವಾರ, ಸೋಮವಾರ ಆ ಮನೆಯಲ್ಲಿ ಜಗಳವಿರಲಿಲ್ಲ. ಅತ್ತೆ ಸೊಸೆಯ ತಟ್ಟೆಗೆ ಎರಡನೇ ಮೊಟ್ಟೆ ಹಾಕಿದಳು. ಕೊಡ ಎತ್ತಲು ಬಿಡಲಿಲ್ಲ. ಕಾಲು ಊದಿದೆಯೆಂದು ಬಿಸಿನೀರು ತಂದಿಟ್ಟಳು.

"ನಿಮ್ಮಮ್ಮ ಯಾಕೋ ಮೆತ್ತಗಾಗಿದ್ದಾರೆ ರೀ," ಎಂದಳು ಸೊಸೆ ಗಂಡನ ಅಂಗಿಯ ತೂತು ಮುಚ್ಚುತ್ತಾ.

"ಸುಮ್ಮನಿದ್ದಾಳೆ ಅಂದ್ರೆ ಇರ್ಲಿ ಬಿಡು. ಕೆಣಕ್ಬೇಡ."

"ನಾನು ಪ್ರಾರ್ಥನೆ ಮಾಡಿದ್ದೆ, ಅವರ ಮನಸ್ಸು ತಿರುಗಲಿ ಅಂತ."

ಅತ್ತೆಯ ಮೌನವನ್ನು ಅವಳು ದೇವರ ಉತ್ತರವೆಂದು ತೆಗೆದುಕೊಂಡಳು.

ಮಂಗಳವಾರ ಅತ್ತೆಗೆ ಬೆಳಗಿನ ಪಾಳಿ. ಐದಕ್ಕೇ ಎದ್ದು, ಖಾಲಿ ಹೊಟ್ಟೆಯಲ್ಲಿ ಬರಬೇಕಾದವಳ ಮೂಗಿಗೆ ವಾಸನೆ ಹೋಗದಿರಲೆಂದು ಒಲೆ ಹಚ್ಚದೆ, ಮಲಗಿದ್ದ ಮೂವರನ್ನೂ ಎಬ್ಬಿಸದೆ ಹೊರಟಳು. ಎಂಟಾಯಿತು. ಹತ್ತಾಯಿತು. ಹನ್ನೊಂದೂವರೆಗೆ ಥಿಯೇಟರ್ ಆಯಾ ಬಟ್ಟೆಯ ಗಾಡಿ ತಳ್ಳಿಕೊಂಡು ಬಂದಳು.

"ನಾಲ್ಕನೇದು ಏನಾಯ್ತೇ? ಗಂಡೋ ಹೆಣ್ಣೋ?"

"ನಾಲ್ಕನೇದು ಬರ್ಲೇ ಇಲ್ಲ ಕಣಕ್ಕ. ಡಾಕ್ಟರಮ್ಮ ಕಾದೂ ಕಾದೂ ಸಾಕಾಗಿ ಐದನೇದನ್ನ ಒಳಗೆ ತಗೊಂಡ್ರು. ಗಂಟು ಅವರಿಗೇ ಬಿಚ್ಚಿದ್ವಿ. ಯಾಕೆ?"

ಅತ್ತೆ ಅವಳನ್ನು ಡಾಕ್ಟರಮ್ಮನ ಹತ್ತಿರ ಓಡಿಸಿದಳು. ಎರಡು ಗಂಟೆಗೆ ಪಾಳಿ ಮುಗಿದದ್ದೇ ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಸೊಸೆ ಯಂತ್ರದ ಮುಂದೆ ಕೂತು ಶಾಲೆಯ ಲಂಗಕ್ಕೆ ನೆರಿಗೆ ಹಿಡಿಯುತ್ತಿದ್ದಳು. ಮಗ ಊಟಕ್ಕೆ ಬಂದಿದ್ದ.

"ಇವತ್ತು ಎಲ್ಲಿರಬೇಕಿತ್ತು ನೀನು?"

ಯಂತ್ರ ನಿಂತಿತು.

"ನಿಮಗೆ ಯಾರು ಹೇಳಿದ್ರು?"

"ನಿನ್ನ ಗಂಟು ಕಟ್ಟಿದವಳು ನಾನು! ಈ ಕೈಯಾರೆ ಕಟ್ಟಿದೆ. ಶುಕ್ರವಾರದಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆ."

"ಏನಮ್ಮಾ ಅದು? ಯಾವ ಗಂಟು?" ಎಂದ ಮಗ. ವಿಷಯ ತಿಳಿಯುತ್ತಿದ್ದಂತೆ ಅವನ ಕೈಯ ತುತ್ತು ತಟ್ಟೆಗೆ ಮರಳಿತು. "ನನಗೂ ಹೇಳ್ಲಿಲ್ಲ ನೀನು," ಎಂದ ಹೆಂಡತಿಗೆ.

"ಹೇಳಿದ್ರೆ ಏನು ಮಾಡ್ತಿದ್ರಿ? ಅಮ್ಮ ಹೇಳಿದ್ದೂ ಸರಿ, ನೀನು ಹೇಳಿದ್ದೂ ಸರಿ ಅಂತಿದ್ರಿ."

"ಹೊಲಿಗೆ ತೆಳ್ಳಗಾಗಿದೆ ಅಂದಿದ್ದಾರೆ," ಎಂದಳು ಅತ್ತೆ. "ಆಯಾನ ಕಳಿಸಿ ಡಾಕ್ಟರಮ್ಮನ್ನೇ ಕೇಳಿಸ್ದೆ. ಹೊಲಿಗೆ ಬಿಟ್ಟ ಬಟ್ಟೆ ದಿನಾ ನಿನ್ನ ಕಣ್ಣ ಮುಂದೆ ಬೀಳುತ್ತಲ್ಲ, ಗೊತ್ತಾಗಲ್ವಾ ನಿನಗೆ?"

"ಬಟ್ಟೆ ಬೇರೆ, ಮೈ ಬೇರೆ. ಹರಿದ ಬಟ್ಟೆ ತಾನಾಗೇ ಕೂಡಿಕೊಳ್ಳಲ್ಲ. ಮೈ ಕೂಡಿಕೊಳ್ಳುತ್ತೆ. ಅದನ್ನ ಹಾಗೆ ಮಾಡಿದ್ದಾನೆ ದೇವರು."

"ದೇವರಿಗೆ ನಾನೂ ಮೊಣಕಾಲೂರಿದ್ದೀನಿ ಕಣೇ, ನಿನಗಿಂತ ಮೂವತ್ತು ವರ್ಷ ಮುಂಚಿನಿಂದ. ಏನು ಹಟ ಇದು? ಯಾರಿಗೋಸ್ಕರ?"

ಸೊಸೆ ಎದ್ದು ನಿಂತಳು. ಮಡಿಲಿನಲ್ಲಿದ್ದ ಲಂಗ ಕೆಳಗೆ ಜಾರಿತು.

"ನಿಮಗೋಸ್ಕರ. ಗುಬ್ಬಿ ಹುಟ್ಟಿದಾಗ ನೋಡೋಕೆ ಬಂದವರ ಮುಂದೆ ನೀವೇನಂದ್ರಿ? ಹೆತ್ತವಳು ಇವಳಲ್ಲ, ಇವಳು ನಿದ್ದೆ ಮಾಡ್ತಿದ್ಲು, ಹೆತ್ತಿದ್ದು ಡಾಕ್ಟರು ಅಂದ್ರಿ. ಎಲ್ಲರೂ ನಕ್ರು. ನಾನೂ ನಕ್ಕೆ. ಐದು ವರ್ಷ ಆಯ್ತು, ನಾನು ಅಮ್ಮ ಅಂತ ಬರೀಬೇಕಾದ ಕಡೆಯೆಲ್ಲ ನನ್ನ ಕೈ ಒಂದು ಸಲ ನಿಲ್ಲುತ್ತೆ."

ಅತ್ತೆಗೆ ಆ ಮಾತು ನೆನಪೇ ಇರಲಿಲ್ಲ.

"ತಮಾಷೆಗೆ ಅಂದಿರ್ತೀನಿ..." ಎಂದಳು.

"ಹೌದು. ತಮಾಷೆಗೇ."

ಸಂಜೆ ಮಗ ಹೋಗಿ ಪಾಸ್ಟರನ್ನು ಕರೆತಂದ. ಅವರು ಶಾಲೆಯ ಮಕ್ಕಳನ್ನೆಲ್ಲ ಇಳಿಸಿ, ಖಾಲಿ ವ್ಯಾನನ್ನು ಬೀದಿಯಲ್ಲಿ ನಿಲ್ಲಿಸಿ ಬಂದರು. ಎಲ್ಲ ಕೇಳಿ ತಲೆ ಮೇಲೆ ಕೈ ಹೊತ್ತು ಕೂತರು.

"ಆಪರೇಷನ್ ಬೇಡ ಅಂತ ನಿನಗೆ ಯಾರಮ್ಮ ಹೇಳಿದ್ದು? ನಾನು ಹೇಳಿದ್ನಾ?"

"ಇಲ್ಲ. ನಾನೇ ಹೇಳಿದ್ದು. ಸಾಕ್ಷಿ ಹೇಳಿದ್ದೀನಲ್ಲ. ಈಗ ಹೋಗಿ ಕೊಯ್ಸಿಕೊಂಡ್ರೆ ದೇವರನ್ನ ಸುಳ್ಳುಗಾರ ಮಾಡಿದ ಹಾಗಾಗಲ್ವಾ?"

"ದೇವರ ಮಾನ ಕಾಯೋದು ನಿನ್ನ ಕೆಲಸ ಅಲ್ಲ ತಾಯಿ. ಅವನು ಕಾಯ್ಕೋತಾನೆ. ನೀನು ಮಗು ಕಾಯಿ. ಡಾಕ್ಟರ ಕೈನೂ ಅವನೇ ಮಾಡಿದ್ದು."

ಸೊಸೆ ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಹೇಳಿದಳು: "ಹೋಗ್ತೀನಿ. ಆದ್ರೆ ಹಿಂಬಾಗಿಲಿಂದ ಹೋಗಲ್ಲ. ನಿಂತು ಹೇಳಿದ್ದನ್ನ ನಿಂತೇ ವಾಪಸ್ ತಗೋತೀನಿ. ಭಾನುವಾರ ಸಭೇಲಿ ಹೇಳಿ, ಸೋಮವಾರ ಹೋಗ್ತೀನಿ."

"ನಾಳೇನೇ ಹೋಗು," ಎಂದಳು ಅತ್ತೆ.

"ನನ್ನ ಹೊಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡವಳು ಇದ್ದಾಳಲ್ಲ ಅತ್ತೆ. ಅವಳಿಗೆ ನಾನೇ ಹೇಳ್ಬೇಕು. ಬೇರೆಯವರ ಬಾಯಿಂದ ಕೇಳಬಾರದು."

ಪಾಸ್ಟರ್ ತಲೆಯಾಡಿಸಿದರು. ಅದು ಒಳ್ಳೆಯ ಮನಸ್ಸಿನ ಮಾತಾಗಿತ್ತು. ಐದು ವರ್ಷದ ಹಿಂದಿನ ತನ್ನ ತಮಾಷೆಯನ್ನು ನೆನೆದು ಅತ್ತೆಯೂ ನಾಳೆಯ ಮಾತನ್ನು ಮತ್ತೆ ಎತ್ತಲಿಲ್ಲ. ಮಾರನೆ ದಿನ ಡಾಕ್ಟರಮ್ಮ ಬೈದು, ಕೂಡಲೇ ಸೇರಿಕೊ ಎಂದರು. ಕೊನೆಗೆ ಸೋಮವಾರಕ್ಕೆ ಹೆಸರು ಬರೆದರು. "ಅಷ್ಟರೊಳಗೆ ಚೂರು ನೋವು ಕಾಣಿಸಿಕೊಂಡ್ರೂ ಓಡಿ ಬರಬೇಕು. ಚೂರು ಅಂದ್ರೆ ಚೂರು."

ಶನಿವಾರ ಬೆಳಿಗ್ಗೆ ಹತ್ತಕ್ಕೆ ಚೂರು ನೋವು ಕಾಣಿಸಿತು.

ಗಂಡ ಕೆಲಸದ ಕಟ್ಟಡಕ್ಕೆ ಹೋಗಿದ್ದ. ಅತ್ತೆ ಪಾಳಿಯಲ್ಲಿದ್ದಳು. ಸೊಸೆ ಪ್ಯಾಂಟಿನ ಅಂಚು ಮಡಿಸುತ್ತಿದ್ದವಳು ಸೂಜಿ ಚುಚ್ಚಿಟ್ಟು ಗಡಿಯಾರ ನೋಡಿದಳು. ಫೋನು ಕೈಯಳತೆಯಲ್ಲಿತ್ತು. ನೋವು ಬಂದು, ಮೈಯನ್ನು ಹಿಂಡಿ, ಹೋಯಿತು. ಹದಿನೈದು ನಿಮಿಷಕ್ಕೆ ಮತ್ತೆ ಬಂತು. ಗುಬ್ಬಿಯ ಸಲ ಸೂಜಿಮದ್ದು ಕೊಟ್ಟು ಬರಿಸಿದ ನೋವು ಅದು. ಇದು ಹಾಗಲ್ಲ, ತಾನಾಗಿಯೇ ಬಂದದ್ದು, ಕರೆಯದೆ ಬಂದ ನೆಂಟರ ಹಾಗೆ. ಇನ್ನೊಂದು ಬರಲಿ, ಆಮೇಲೆ ಫೋನು ಮಾಡುತ್ತೇನೆ ಎಂದುಕೊಂಡಳು. ಇನ್ನೊಂದು ಬಂತು. ಇನ್ನೂ ಒಂದು. ಭಾನುವಾರ ತಾನು ಮಾತು ವಾಪಸ್ ತೆಗೆದುಕೊಳ್ಳಬಾರದೆಂದೇ ಮಗು ಶನಿವಾರವೇ ಹೊರಟಿರಬಹುದಲ್ಲ?

"ಅಮ್ಮಾ, ಯಾಕೆ ಒಬ್ಬಳೇ ನಗ್ತಿದ್ದೀಯ?" ಮೇಜಿನ ಕೆಳಗಿನಿಂದ ಗುಬ್ಬಿ ಕೇಳಿದಳು.

"ನಿನ್ನ ತಮ್ಮ ಬಾಗಿಲು ತಟ್ತಿದ್ದಾನೆ."

"ತೆಗೀ ಮತ್ತೆ."

"ಬಾಗಿಲು ತಾನಾಗೇ ತೆಗೆಯುತ್ತೆ ಕಂದಾ. ಅದಕ್ಕೆ ಗೊತ್ತು."

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಅವಳು ಮೇಜಿನ ಅಂಚು ಹಿಡಿದು ಕುಸಿದಳು. ಹೊಟ್ಟೆಯ ಅಡಿಯಲ್ಲಿ ಏನೋ ಈ ಕೊನೆಯಿಂದ ಆ ಕೊನೆಗೆ ಬಿಟ್ಟುಕೊಂಡಿತು. ಆಮೇಲೆ ನೋವಿನ ಅಲೆಗಳು ನಿಂತೇಹೋದವು.

"ತಮ್ಮ ತಟ್ಟೋದು ಬಿಟ್ಟನಾ?" ಗುಬ್ಬಿ ಹತ್ತಿರ ಬಂದು ನೋಡಿ ಹಿಂದೆ ಸರಿದಳು. "ಅಮ್ಮಾ, ನಿನ್ನ ತುಟಿ ಬಿಳಿ ಆಗಿದೆ."

ಸೊಸೆ ಫೋನಿಗೆ ಕೈ ಚಾಚಿದಳು. "ರೀ, ಬನ್ನಿ," ಎಂದಷ್ಟೇ ಹೇಳಲಾಯಿತು. ಗುಬ್ಬಿ ಮೆಟ್ಟಿಲಿಳಿದು ಬಣ್ಣದ ಅಂಗಡಿಯವನ ಪ್ಯಾಂಟು ಹಿಡಿದೆಳೆದಳು. ಅವನು ಸಾಮಾನು ಸಾಗಿಸುವ ಗಾಡಿಯಲ್ಲಿ, ಬಣ್ಣದ ಡಬ್ಬಗಳ ನಡುವೆ ಸೊಸೆಯನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ.

ಒಗೆಯುವ ವಿಭಾಗದ ಗೋಡೆಯ ಫೋನು ಹೊಡೆದುಕೊಂಡಿತು. ತುರ್ತು, ಹೆರಿಗೆಯ ಗಂಟು ಒಂದು, ಚಾದರ ಜಾಸ್ತಿ ಬೇಕು. ಅತ್ತೆ ಕಪಾಟಿನಿಂದ ಕೈಗೆ ಸಿಕ್ಕ ಗಂಟನ್ನೆತ್ತಿ ಓಡಿ ಬಂದ ಆಯಾಳ ಕೈಗೆ ಹಾಕಿದಳು.

"ಯಾರೇ ಪಾಪ?"

ಆಯಾ ಅವಳ ಮುಖ ನೋಡದೆ ಓಡಿದಳು. ಅತ್ತೆಗೆ ಅದು ವಿಚಿತ್ರವೆನಿಸಲಿಲ್ಲ; ತುರ್ತಿನಲ್ಲಿ ಯಾರೂ ಮುಖ ನೋಡುವುದಿಲ್ಲ. ಒಂದು ಗಂಟೆಯ ಮೇಲೆ ಗಾಡಿ ಕೆಳಗೆ ಬಂತು. ಚಾದರಗಳನ್ನು ಒಂದೊಂದೇ ಬಿಡಿಸಿ ತಣ್ಣೀರಿಗೆ ಹಾಕುತ್ತಾ ಹೋದಳು. ನಡುವೆ ಆಸ್ಪತ್ರೆಯದ್ದಲ್ಲದ ಒಂದು ನೈಟಿ ಸಿಕ್ಕಿತು. ಹೊಟ್ಟೆಯ ಬಳಿ ಅಗಲ ಮಾಡಲು ಎರಡೂ ಬದಿಗೆ ಬೇರೆ ಬಣ್ಣದ ಪಟ್ಟಿ ಕೊಟ್ಟು ಹೊಲಿದದ್ದು. ಆ ಹೊಲಿಗೆ ಅವಳಿಗೆ ಗೊತ್ತಿತ್ತು. ಮಗುವಿನ ಬಟ್ಟೆ ಎರಡೂ ಮಡಿಕೆ ಬಿಚ್ಚದೆ, ಒಣಗಿದ್ದ ಹಾಗೆಯೇ ವಾಪಸ್ ಬಂದಿದ್ದವು.

ಗಂಡುಮಗು. ಮೂರು ಕಿಲೋ. ಒಳಗೇ ಜೀವ ಬಿಟ್ಟಿತ್ತು. ತಾಯಿಯನ್ನು ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು. ಡಾಕ್ಟರಮ್ಮ ಇದನ್ನು ಮಗನಿಗೆ ಹೇಳುವಾಗ ಅವನು ಕೈಗೆ ಹತ್ತಿದ್ದ ಕಬ್ಬಿಣದ ಮಸಿಯನ್ನು ಪ್ಯಾಂಟಿಗೆ ಒರೆಸುತ್ತಲೇ ಇದ್ದ.

ಭಾನುವಾರ ಮಗುವನ್ನು ಮಣ್ಣು ಮಾಡಿದರು. ಮೂರನೇ ದಿನ ಸಂಜೆ ಸೊಸೆ ಮನೆಗೆ ಬಂದಳು. ಇನ್ನೆರಡು ದಿನ ಇರಲಿ ಎಂದಿದ್ದರು. ಆ ವಾರ್ಡಿನಲ್ಲಿ ಎಲ್ಲರ ಪಕ್ಕದಲ್ಲೂ ತೊಟ್ಟಿಲಿತ್ತು, ಆಗುವುದಿಲ್ಲ ಎಂದಿದ್ದಳು. ಯಂತ್ರವನ್ನು ಗೋಡೆಗೆ ಸರಿಸಿ ಹಗಲಿನಲ್ಲೇ ಹಾಸಿಗೆ ಹಾಸಿದ್ದರು. ಹಾಡಿನಕ್ಕ ಗಂಜಿ ತಂದಿದ್ದಳು. ಒಳಗೆ ಮಗ ಗುಬ್ಬಿಗೆ ಆಲೂಗಡ್ಡೆ ಹಿಸುಕಿ ಉಣಿಸುತ್ತಿದ್ದ.

"ಪ್ರಾರ್ಥನೆ ಮಾಡ್ಲಾಮ್ಮ?"

"ನೀವೇ ಮಾಡಿ ಅಕ್ಕ. ನನಗೆ ಮಾತು ಬರ್ತಿಲ್ಲ."

ಹಾಡಿನಕ್ಕ ಕಣ್ಣು ಮುಚ್ಚಿದಳು. ಎದುರುಮನೆಯ ಮಹಡಿಯಲ್ಲಿ ಯಾರದೋ ಎಳೆಕೂಸು ಅಳತೊಡಗಿತು. ಹಸಿದ ಅಳು, ಬಿಟ್ಟು ಬಿಟ್ಟು. ಸೊಸೆ ಮೈ ಬಿಗಿ ಮಾಡಿದಳು. ಅವಳ ರವಿಕೆಯ ಮೇಲೆ ಎರಡು ಒದ್ದೆ ಕಲೆಗಳು ಮೂಡಿ, ದೊಡ್ಡವಾಗಿ, ಸೀರೆಗೆ ಹರಡಿದವು. ಅವಳು ತಲೆ ತಗ್ಗಿಸಿ ಅವುಗಳನ್ನೇ ನೋಡಿದಳು, ಬೇರೆ ಯಾರದೋ ಮೈಯನ್ನು ನೋಡುವ ಹಾಗೆ.

"ಅತ್ತೆ," ಎಂದಳು. ಧ್ವನಿ ಸಣ್ಣದಿತ್ತು. "ಇದಕ್ಕೆ ಇನ್ನೂ ಯಾರೂ ಹೇಳಿಲ್ವಾ?"

ಅತ್ತೆ ಎದ್ದು ತನ್ನ ಹಳೆಯ ಸೀರೆಯೊಂದನ್ನು ಉದ್ದಕ್ಕೆ ಹರಿದು ತಂದಳು. ಹಾಸಿಗೆಯ ಮೇಲೆ ಕೂತು ಸೊಸೆಯ ರವಿಕೆಯ ಗುಂಡಿಗಳನ್ನು ಬಿಚ್ಚಿದಳು.

"ಕೈ ಎತ್ತು."

"ನೋಯುತ್ತೆ ಅತ್ತೆ."

"ಗೊತ್ತು. ಉಸಿರು ಬಿಡು, ಮಗಳೇ. ಹಾಲು ಬತ್ತೋಕೆ ಬಿಗಿಯಾಗಿ ಕಟ್ಬೇಕು. ಬಿಗಿಯಾಗಿ ಕಟ್ಟಿದ್ರೆ ನಾಲ್ಕೈದು ದಿನದಲ್ಲಿ ಅದಕ್ಕೂ ಗೊತ್ತಾಗುತ್ತೆ."